ಆಲ್ಫಾ 0.91 ಬಂದಿದೆ, ಆದರೂ "ನೀನು ಅಳೆದಿದ್ದು ಏನನ್ನ?" ಅಂತ ಕೇಳಿದರು. ವ್ಯಾಲಿಡಿಟಿ ಅಂದರೆ ಏನು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಬೆಳಗಿನ_ಓದು

ಎಲ್ಲರಿಗೂ ನಮಸ್ಕಾರ. ನಾನು ಮನಶ್ಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಹೆರಿಗೆಯಾಗಿ ಎರಡು ಮೂರು ತಿಂಗಳಾದ ತಾಯಂದಿರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಮಾತಾಡಿದರೆ ಅವರ ಖಿನ್ನತೆ ಕಡಿಮೆಯಾಗುತ್ತದಾ ಅನ್ನೋದು ನನ್ನ ಡಿಸರ್ಟೇಶನ್ ವಿಷಯ. ಎಂಟು ವಾರದ ಕಾರ್ಯಕ್ರಮ. ಶುರುವಿನಲ್ಲಿ ಒಂದು ಸಲ, ಮುಗಿದ ಮೇಲೆ ಒಂದು ಸಲ ಪ್ರಶ್ನಾವಳಿ ತುಂಬಿಸಬೇಕು ಅಂತ ಯೋಜನೆ.

ಆರಿಸಿಕೊಂಡಿದ್ದು ಸಿಇಎಸ್-ಡಿ ಅನ್ನುವ ಖಿನ್ನತೆಯ ಪ್ರಶ್ನಾವಳಿ. ಕಳೆದ ಒಂದು ವಾರದ ಬಗ್ಗೆ 20 ಪ್ರಶ್ನೆ. ಕನ್ನಡಕ್ಕೆ ನಾನೇ ತಂದೆ. ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿದೆ, ಹೊಂದಿತು. ಪೈಲಟ್ (ಮುಖ್ಯ ಅಧ್ಯಯನಕ್ಕೆ ಮುಂಚಿನ ಚಿಕ್ಕ ಪ್ರಯೋಗ) ಮಾಡಿದೆ, ಆಲ್ಫಾ (ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಅಂಕಿ) 0.91 ಬಂತು. ಖುಷಿಯಾಗಿದ್ದೆ.

ಮೊನ್ನೆ ಪ್ರೆಸೆಂಟೇಶನ್‌ನಲ್ಲಿ "ಈ ಪ್ರಶ್ನಾವಳಿ ವ್ಯಾಲಿಡ್ ಮತ್ತು ರಿಲಯಬಲ್" ಅಂತ ಒಂದು ಸ್ಲೈಡ್ ಹಾಕಿದ್ದೆ. ಹಿರಿಯ ಮೇಷ್ಟ್ರೊಬ್ಬರು ಅಲ್ಲೇ ನಿಲ್ಲಿಸಿದರು. "ವ್ಯಾಲಿಡ್ ಅಂದರೆ ಯಾವುದಕ್ಕೆ? ಯಾರಿಗೆ? ನೀನು ಅಳೆದಿದ್ದು ಏನನ್ನ?" ಅಂದರು. ಸಿಇಎಸ್-ಡಿಯ ಮೂಲ ಪ್ರಬಂಧದ ಹೆಸರು ಹೇಳಿದೆ. ಅವರು ತಲೆಯಾಡಿಸಲಿಲ್ಲ.

ಪುಸ್ತಕ ತೆರೆದರೆ ಸಿಂಧುತ್ವದಲ್ಲಿ, ಅಂದರೆ ವ್ಯಾಲಿಡಿಟಿಯಲ್ಲಿ, ಹತ್ತು ಬಗೆ ಕೊಟ್ಟಿದ್ದಾರೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ನಿಜ ಹೇಳಬೇಕೆಂದರೆ ಅರ್ಥ ಆಗಿಲ್ಲ. ಮುಖ್ಯ ಅಧ್ಯಯನ ಇನ್ನೂ ಶುರುವಾಗಿಲ್ಲ, ಹಾಗಾಗಿ ತಿದ್ದಿಕೊಳ್ಳೋಕೆ ಸಮಯ ಇದೆ. ದಯವಿಟ್ಟು ಸಹಾಯ ಮಾಡಿ.

ಅಳತೆಪಟ್ಟಿ

ಮೇಷ್ಟ್ರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ, ಈ ಗೊಂದಲ ಬರದೇ ಇರುವವರೇ ಇಲ್ಲ.

ಮೊದಲು ಆಲ್ಫಾ ವಿಷಯ. ನಿಮ್ಮ 20 ಪ್ರಶ್ನೆಗಳ ಉತ್ತರಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ ಅನ್ನೋದನ್ನಷ್ಟೇ ಅದು ಹೇಳುತ್ತದೆ. ಯಾಕೆ ಒಟ್ಟಿಗೆ ಏರುತ್ತವೆ ಅನ್ನೋದನ್ನ ಹೇಳಲ್ಲ. ಪ್ರಶ್ನೆಗಳ ಸಂಖ್ಯೆ ಜಾಸ್ತಿಯಾದಷ್ಟೂ ಆಲ್ಫಾ ಮೇಲೆ ಹೋಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ: 20 ಪ್ರಶ್ನೆಗಳಿದ್ದು, ಒಂದೊಂದು ಜೋಡಿಯ ನಡುವಿನ ಸಂಬಂಧ ಸರಾಸರಿ ಬರೀ 0.3 ಇದ್ದರೂ ಆಲ್ಫಾ 0.9ರ ಹತ್ತಿರ ಬಂದುಬಿಡುತ್ತದೆ. 0.3 ಅಂದರೆ ಅಂಥ ಗಟ್ಟಿ ನಂಟೇನಲ್ಲ. ಆ ನಂಟನ್ನು ಖಿನ್ನತೆಯೇ ಬೆಸೆದಿರಬಹುದು. ನಿದ್ದೆಗೇಡೂ ಬೆಸೆದಿರಬಹುದು. ಎಲ್ಲದಕ್ಕೂ "ಹೌದು" ಅನ್ನುವ ಅಭ್ಯಾಸವೂ ಆಗಿರಬಹುದು. ಆಲ್ಫಾಗೆ ಇವುಗಳಲ್ಲಿ ಭೇದವಿಲ್ಲ.

ಒಂದು ಟೇಪು ಹಿಡಿದು ಜನರ ತಲೆಯ ಸುತ್ತಳತೆ ಅಳೆಯಿರಿ. ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ, ಯಾರು ಅಳೆದರೂ ಅಷ್ಟೇ. ರಿಲಯಬಿಲಿಟಿಯಲ್ಲಿ ಕುಂದು ಹುಡುಕೋಕೆ ಆಗಲ್ಲ. ಈಗ ಆ ಸೆಂಟಿಮೀಟರನ್ನು "ಬುದ್ಧಿವಂತಿಕೆ" ಅಂತ ಕರೆಯಿರಿ. ಟೇಪು ಅದೇ, ಅಂಕಿ ಅದೇ. ತಪ್ಪಿರೋದು ನೀವು ಆ ಅಂಕಿಗೆ ಕೊಟ್ಟ ಅರ್ಥದಲ್ಲಿ. ವ್ಯಾಲಿಡಿಟಿಯ ಪ್ರಶ್ನೆ ಹುಟ್ಟೋದು ಅಲ್ಲಿ. ಟೋಪಿ ಹೊಲಿಯೋಕೆ ಅದೇ ಅಳತೆ ಸರಿಯಾಗಿ ಒದಗುತ್ತದೆ, ಅಲ್ವಾ?

ಹಾಗಾಗಿ "ಈ ಪ್ರಶ್ನಾವಳಿ ವ್ಯಾಲಿಡ್" ಅನ್ನುವ ವಾಕ್ಯವೇ ಅರ್ಧಂಬರ್ಧ. ಈ ಅಂಕದಿಂದ, ಈ ಜನರ ಬಗ್ಗೆ, ಈ ತೀರ್ಮಾನಕ್ಕೆ ಬರೋಕೆ ಆಧಾರ ಇದೆಯಾ ಅಂತ ಕೇಳಬೇಕು. ಮೇಷ್ಟ್ರು "ಯಾವುದಕ್ಕೆ, ಯಾರಿಗೆ" ಅಂದಿದ್ದು ಇದನ್ನೇ. ಆಲ್ಫಾಗೆ ಹೆಸರು ತಂದುಕೊಟ್ಟ ಲೀ ಕ್ರಾನ್‌ಬ್ಯಾಕ್ ಆ ಪ್ರಬಂಧ ಬರೆದಿದ್ದು 1951ರಲ್ಲಿ. ನಾಲ್ಕೇ ವರ್ಷಕ್ಕೆ, 1955ರಲ್ಲಿ, ಪಾಲ್ ಮೀಲ್ ಜೊತೆ ಸೇರಿ ಕನ್‌ಸ್ಟ್ರಕ್ಟ್ ವ್ಯಾಲಿಡಿಟಿ (ಅಳೆಯಬೇಕು ಅಂದುಕೊಂಡ ಗುಣವನ್ನೇ ಅಳೆಯುತ್ತಿದ್ದೇವಾ ಅನ್ನೋದು) ಬಗ್ಗೆ ಬರೆದರು. ಜನ ಮೊದಲನೆಯದನ್ನು ಎಲ್ಲಾ ಕಡೆ ಉಲ್ಲೇಖಿಸುತ್ತಾರೆ, ಎರಡನೆಯದರ ಕೆಲಸವನ್ನು ಬಿಟ್ಟುಬಿಡುತ್ತಾರೆ. ನನಗೆ ಇದು ತುಂಬಾ ನೋವಿನ ಸಂಗತಿ.

ಅರ್ಥ ತಪ್ಪಾದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಹಳೆಯ ಉದಾಹರಣೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯದಲ್ಲಿ ಸುಮಾರು 17 ಲಕ್ಷ ಜನರಿಗೆ ಬುದ್ಧಿ ಪರೀಕ್ಷೆ ಮಾಡಿದರು. ಮುಂದೆ ನಿಂತವರು ರಾಬರ್ಟ್ ಯರ್ಕ್ಸ್. ಹುಟ್ಟಿನಿಂದ ಬಂದ ಬುದ್ಧಿಶಕ್ತಿಯನ್ನೇ ಅಳೆಯುತ್ತಿದ್ದೇವೆ ಅಂತ ಹೇಳಿಕೊಂಡರು. ಅದರಲ್ಲಿದ್ದ ಒಂದು ಪ್ರಶ್ನೆ: "ಕ್ರಿಸ್ಕೋ ಅಂದರೆ ಔಷಧಿಯೋ, ಕ್ರಿಮಿನಾಶಕವೋ, ಹಲ್ಲುಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ?" ಅದು ಅಲ್ಲಿನ ಒಂದು ಅಡುಗೆ ಕೊಬ್ಬಿನ ಬ್ರ್ಯಾಂಡ್. ಆ ದೇಶಕ್ಕೆ ಆಗ ತಾನೇ ಬಂದವನಿಗೆ ಅದು ಹೇಗೆ ಗೊತ್ತಿರಬೇಕು? ಅಂಕ ಕಡಿಮೆ ಬಂತು, ದಡ್ಡ ಅಂದರು. ಅಳೆದಿದ್ದು ಆ ದೇಶದಲ್ಲಿ ಎಷ್ಟು ದಿನ ಬದುಕಿದ್ದಾನೆ ಅನ್ನೋದನ್ನ.

ಹಗಲುಪಾಳಿ

ನಾನು ಕ್ಲಿನಿಕಲ್ ಕೆಲಸದಲ್ಲಿದ್ದೇನೆ. ಹೆರಿಗೆಯ ನಂತರದ ತಾಯಂದಿರನ್ನು ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ನಿಮ್ಮ ಪ್ರಶ್ನಾವಳಿಯ ಬಗ್ಗೆಯೇ ಮಾತಾಡುತ್ತೇನೆ.

ಸಿಇಎಸ್-ಡಿ ಬಂದಿದ್ದು 1977ರಲ್ಲಿ. ಲೆನೋರ್ ರ‍್ಯಾಡ್ಲಾಫ್ ಅವರು ಅದನ್ನು ಮಾಡಿದ್ದು ಸಾಮಾನ್ಯ ಜನರ ಸಮೀಕ್ಷೆಗೆ. ಬಾಣಂತಿಯರಿಗೆ ಅಂತ ಅಲ್ಲ. ಒಂದೊಂದು ಪ್ರಶ್ನೆಗೂ 0ಯಿಂದ 3ರವರೆಗೆ ಅಂಕ, ವಾರದಲ್ಲಿ ಐದರಿಂದ ಏಳು ದಿನ ಹಾಗಿದ್ದರೆ 3. ಒಟ್ಟು 60. ಸಾಮಾನ್ಯವಾಗಿ 16 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು ಅಂತ ಲೆಕ್ಕ.

ಈಗ ಒಬ್ಬ ತಾಯಿಯನ್ನು ಕಣ್ಮುಂದೆ ತಂದುಕೊಳ್ಳಿ. ಮಗುವಿಗೆ ಎರಡು ತಿಂಗಳು. ರಾತ್ರಿ ಮೂರು ನಾಲ್ಕು ಸಲ ಏಳುತ್ತದೆ. ಆಕೆಗೆ ದುಃಖವಿಲ್ಲ, ಅಳು ಬರುತ್ತಿಲ್ಲ, ಮಗುವನ್ನು ನೋಡಿದರೆ ಸಂತೋಷವೇ. ಪ್ರಶ್ನಾವಳಿ ಕೊಡಿ. ನಿದ್ದೆ ಸರಿಯಿರಲಿಲ್ಲ: 3. ಏನು ಮಾಡಬೇಕಾದರೂ ಕಷ್ಟಪಟ್ಟು ಮಾಡಿದ ಹಾಗೆ ಅನ್ನಿಸಿತು: 3. ಮಾಡುವ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ: 3. ಎದ್ದು ಹೊರಡೋಕೇ ಆಗಲಿಲ್ಲ: 3. ಎಂದಿಗಿಂತ ಕಡಿಮೆ ಮಾತಾಡಿದೆ: 3. ಇಷ್ಟಕ್ಕೇ 15 ಆಯಿತು. ಒಂದೆರಡು ದಿನ ಊಟ ಸೇರಲಿಲ್ಲ ಅಂದರೆ 16. ದುಃಖದ ಒಂದು ಪ್ರಶ್ನೆಗೂ ಹೌದು ಅನ್ನದೆ ಆಕೆ ಗೆರೆ ಮುಟ್ಟಿದಳು.

ಈ ಆರೂ ಪ್ರಶ್ನೆಗಳು ಒಟ್ಟಿಗೆ ಏರಿದವು, ಗಮನಿಸಿ. ನಿಮ್ಮ 0.91ರಲ್ಲಿ ಇದರ ಪಾಲು ಎಷ್ಟು?

ಇದೇ ತೊಂದರೆ ಕಂಡೇ 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಅನ್ನುವ ಮೂವರು ಬಾಣಂತಿಯರಿಗೆ ಅಂತಲೇ ಎಡಿನ್‌ಬರ್ಗ್ ಪ್ರಶ್ನಾವಳಿ ಮಾಡಿದರು. ಬರೀ ಹತ್ತು ಪ್ರಶ್ನೆ. ಸುಸ್ತು, ಹಸಿವು ಇಂಥ ಮೈಗೆ ಸಂಬಂಧಿಸಿದ್ದನ್ನು ಬೇಕೆಂದೇ ಬಿಟ್ಟರು. ನಿದ್ದೆಯ ಪ್ರಶ್ನೆ ಒಂದಿದೆ, ಅದನ್ನು ಕೇಳಿರುವ ರೀತಿ ನೋಡಿ: ನಿದ್ದೆ ಬರದಷ್ಟು ದುಃಖ ಆಗಿತ್ತಾ ಅಂತ. ನಿದ್ದೆ ಕೆಟ್ಟಿದ್ದು ಮನಸ್ಸಿನ ನೋವಿನಿಂದಲಾ ಅಂತ ಪ್ರಶ್ನೆಯ ಒಳಗೇ ಕೇಳಿಬಿಟ್ಟಿದ್ದಾರೆ. ಆ ಒಂದು ವಾಕ್ಯದಲ್ಲಿ ಎಷ್ಟು ಯೋಚನೆ ಇದೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಸುಮ್ಮನೆ ಕೂತು ಹೊಳೆಯುವ ವಾಕ್ಯ ಅಲ್ಲ ಅದು, ತಾಯಂದಿರನ್ನು ನೋಡಿ ನೋಡಿ ಬಂದಿದ್ದು.

ಅದೂ ಪರಿಪೂರ್ಣ ಅಂತ ತಿಳಿಯಬೇಡಿ. ಅದರ 3, 4, 5ನೇ ಪ್ರಶ್ನೆಗಳು ಆತಂಕದ ಕಡೆ ವಾಲುತ್ತವೆ. ಹಾಗಾಗಿ ಒಟ್ಟು ಅಂಕ ಜಾಸ್ತಿ ಬಂದಿದ್ದು ಖಿನ್ನತೆಯಿಂದಲೋ ಆತಂಕದಿಂದಲೋ ಅಂತ ಬಿಡಿಸಿ ನೋಡಬೇಕಾಗುತ್ತದೆ.

ಬೆಳಗಿನ_ಓದು

ಹಗಲುಪಾಳಿ ಅವರೇ, ಓದಿ ಮೈ ಜುಂ ಅಂತು. ನನ್ನ ಪೈಲಟ್ ಹಾಳೆಗಳನ್ನು ಈಗ ತಾನೇ ತೆಗೆದು ನೋಡಿದೆ. ನೀವು ಹೇಳಿದ ಆ ಆರು ಪ್ರಶ್ನೆಗಳಲ್ಲೇ ಜಾಸ್ತಿ ಅಂಕ ಬಿದ್ದಿದೆ. ಅಳು ಬಂತು, ದುಃಖವಾಯಿತು, ಒಂಟಿ ಅನ್ನಿಸಿತು ಅನ್ನುವಂಥವುಗಳಲ್ಲಿ ಬಹಳ ಜನ 0 ಅಥವಾ 1 ಹಾಕಿದ್ದಾರೆ. ನಾನು ಇಷ್ಟು ದಿನ ಒಟ್ಟು ಅಂಕವನ್ನು ಮಾತ್ರ ನೋಡುತ್ತಿದ್ದೆ.

ಹಾಗಾದರೆ ಪೈಲಟ್ ಎಲ್ಲಾ ವ್ಯರ್ಥವಾ?

ಅಳತೆಪಟ್ಟಿ

ವ್ಯರ್ಥ ಅಲ್ಲವೇ ಅಲ್ಲ. ಪೈಲಟ್ ಮಾಡೋದೇ ಇದಕ್ಕೆ. ನೀವೀಗ ಮಾಡಿದ್ದು, ಒಟ್ಟು ಅಂಕ ಬಿಟ್ಟು ಒಂದೊಂದೇ ಪ್ರಶ್ನೆ ನೋಡಿದ್ದು, ಅದೇ ವ್ಯಾಲಿಡಿಟಿಯ ಕೆಲಸ. ಪ್ರಬಂಧದಲ್ಲಿ ಅದನ್ನು ಹಾಗೇ ಬರೆಯಿರಿ.

ಅಳತೆ ಕೆಡುವುದು ಎರಡು ದಾರಿಯಲ್ಲಿ ಅಂತ ಸ್ಯಾಮ್ಯುಯೆಲ್ ಮೆಸಿಕ್ 1989ರಲ್ಲಿ ವಿವರಿಸಿದ್ದಾರೆ. ಬೇಡದ್ದು ಒಳಗೆ ಸೇರಿಕೊಳ್ಳುವುದು ಒಂದು. ನಿಮ್ಮಲ್ಲಿ ನಿದ್ದೆಗೇಡು ಸೇರಿಕೊಂಡ ಹಾಗೆ. ಬೇಕಾದ್ದು ಹೊರಗೆ ಉಳಿಯುವುದು ಇನ್ನೊಂದು. ಬಾಣಂತಿಯ ಖಿನ್ನತೆಯಲ್ಲಿ "ಈ ಮಗುವಿಗೆ ನಾನು ತಕ್ಕ ತಾಯಿಯಲ್ಲ" ಅನ್ನುವ ಕೊರಗು ದೊಡ್ಡದು, ಸಿಇಎಸ್-ಡಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಐಕೋ ಫ್ರೀಡ್ ಅನ್ನುವ ಸಂಶೋಧಕರು 2017ರಲ್ಲಿ ಖಿನ್ನತೆಯ ಏಳು ಹೆಸರಾಂತ ಪ್ರಶ್ನಾವಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಸಿಇಎಸ್-ಡಿಯೂ ಅದರಲ್ಲಿತ್ತು. ಎಲ್ಲಾ ಸೇರಿ 52 ಬೇರೆ ಬೇರೆ ಲಕ್ಷಣ ಸಿಕ್ಕವು. ಏಳರಲ್ಲೂ ಇದ್ದಿದ್ದು ನೂರಕ್ಕೆ 12 ಮಾತ್ರ. ನೂರಕ್ಕೆ 40 ಲಕ್ಷಣಗಳು ಯಾವುದಾದರೂ ಒಂದೇ ಒಂದು ಪ್ರಶ್ನಾವಳಿಯಲ್ಲಿದ್ದವು. ಎಲ್ಲದರ ಮೇಲೂ "ಖಿನ್ನತೆ" ಅಂತಲೇ ಬರೆದಿದೆ. ಹೆಸರು ಒಂದೇ ಆದ ಮಾತ್ರಕ್ಕೆ ಒಳಗಿರೋದು ಒಂದೇ ಅಂತ ನಂಬೋಕೆ ಬರಲ್ಲ.

ಎರಡು_ಭಾಷೆ

ಅನುವಾದದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತರುವ ಕೆಲಸ ಸಾಕಷ್ಟು ಮಾಡಿದ್ದೇನೆ.

ಸಿಇಎಸ್-ಡಿಯಲ್ಲಿ "ಬ್ಲೂಸ್" (ಮನಸ್ಸು ಕುಗ್ಗಿರುವುದು) ಅನ್ನುವ ಇಂಗ್ಲಿಷ್ ಪದ ಇರುವ ಒಂದು ಪ್ರಶ್ನೆ ಇದೆ. ಮನೆಯವರು, ಸ್ನೇಹಿತರು ನೆರವಾದರೂ ಅದನ್ನು ಕೊಡವಿಕೊಳ್ಳೋಕೆ ಆಗಲಿಲ್ಲ ಅಂತ. ನೀವು ಅದಕ್ಕೆ "ಬೇಜಾರು" ಅಂತ ಹಾಕಿರಬೇಕು, ಅಲ್ವಾ? ನಾನೂ ಮೊದಲು ಹಾಗೇ ಹಾಕಿದ್ದೆ. ಆದರೆ ಕನ್ನಡದಲ್ಲಿ ಬೇಜಾರು ಅನ್ನೋದು ಎಷ್ಟಕ್ಕೆಲ್ಲಾ ಆಗುತ್ತದೆ ನೋಡಿ. ಮಾಡೋಕೆ ಏನೂ ಇಲ್ಲ ಅಂದರೂ ಬೇಜಾರು. ಯಾರೋ ಏನೋ ಅಂದರು ಅಂತ ಸಿಟ್ಟು ಬಂದರೂ ಬೇಜಾರು. ದಿನಾ ಅದೇ ಕೆಲಸ ಮಾಡಿ ಸಾಕಾದರೂ ಬೇಜಾರು. ಒಳಗೊಳಗೇ ದುಃಖ ಆದರೂ ಬೇಜಾರು. ನಾಲ್ಕು ಬೇರೆ ಬೇರೆ ಮನಸ್ಥಿತಿಯ ನಾಲ್ಕು ಜನ ಒಂದೇ ಕಡೆ ಗುರುತು ಹಾಕುತ್ತಾರೆ.

"ವಾಪಸ್ ಇಂಗ್ಲಿಷಿಗೆ ಮಾಡಿಸಿದೆ, ಹೊಂದಿತು" ಅಂದಿರಿ. ಅಲ್ಲೊಂದು ಮೋಸ ಇದೆ. ಒಳ್ಳೆಯ ಅನುವಾದಕರಿಗೆ "ಬೇಜಾರು" ಕೊಟ್ಟರೆ, ಇದು ಖಿನ್ನತೆಯ ಪ್ರಶ್ನಾವಳಿ ಅಂತ ಅವರಿಗೆ ಗೊತ್ತಿದ್ದರೆ, ಅವರು ಸರಿಯಾಗಿ ದುಃಖದ ಪದವನ್ನೇ ಹಾಕಿಕೊಡುತ್ತಾರೆ. ಹಾಳೆಯ ಮೇಲೆ ಎಲ್ಲಾ ಹೊಂದುತ್ತದೆ. ತುಂಬುವ ತಾಯಿಗೆ ಏನು ಕೇಳಿಸಿತು ಅನ್ನೋದು ಅದರಿಂದ ಗೊತ್ತಾಗಲ್ಲ.

ಇನ್ನೊಂದು, ತಿರುವು ಪ್ರಶ್ನೆಗಳು. ಸಂತೋಷವಾಗಿದ್ದೆ, ಮುಂದಿನ ದಿನಗಳ ಬಗ್ಗೆ ಭರವಸೆ ಇತ್ತು, ಬೇರೆಯವರಷ್ಟೇ ನಾನೂ ಒಳ್ಳೆಯವಳು ಅನ್ನಿಸಿತು, ಬದುಕು ಖುಷಿ ಕೊಟ್ಟಿತು ಅನ್ನುವ ನಾಲ್ಕು. ಇವುಗಳ ಅಂಕವನ್ನು ತಿರುಗಿಸಿ ಕೂಡಿಸಬೇಕು. ತನ್ನನ್ನು ತಾನೇ ಹೊಗಳಿಕೊಳ್ಳೋದು ಸರಿಯಲ್ಲ ಅಂದುಕೊಂಡವರು "ನಾನೂ ಒಳ್ಳೆಯವಳು" ಅನ್ನೋದಕ್ಕೆ ಕಡಿಮೆ ಗುರುತು ಹಾಕುತ್ತಾರೆ. ಅದು ಖಿನ್ನತೆಯ ಲೆಕ್ಕಕ್ಕೆ ಸೇರುತ್ತದೆ. ಜಪಾನ್‌ನಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಜನ ಉತ್ತರಿಸುವ ರೀತಿಯೇ ಬೇರೆ ಅಂತ ಸಂಶೋಧಕರು ತೋರಿಸಿದ್ದಾರೆ. ವಿನಯವನ್ನು ಕಾಯಿಲೆ ಅಂತ ಎಣಿಸಿದ ಹಾಗಾಯಿತು.

ನನ್ನ ಸಲಹೆ ಒಂದೇ. ಐದಾರು ತಾಯಂದಿರ ಜೊತೆ ಕೂತುಕೊಳ್ಳಿ. ಒಂದೊಂದು ಪ್ರಶ್ನೆ ಓದಿ, ಗುರುತು ಹಾಕಿದ ಮೇಲೆ ಕೇಳಿ: "ಇದನ್ನು ಓದಿದಾಗ ಏನು ನೆನಪಾಯಿತು? ಯಾಕೆ ಇಲ್ಲಿ ಹಾಕಿದಿರಿ?" ಅಂತ. ಅವರ ಮಾತನ್ನು ಅವರ ಪದದಲ್ಲೇ ಬರೆದುಕೊಳ್ಳಿ. ಇದಕ್ಕೆ ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುತ್ತಾರೆ. ಒಂದು ವಾರದ ಕೆಲಸ. ಆಲ್ಫಾ ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಜಾಸ್ತಿ ಗೊತ್ತಾಗುತ್ತದೆ.

ಸುಮ್ನೆ_ಓದುಗ

ನಾನು ಈ ಕ್ಷೇತ್ರದವನಲ್ಲ, ಒಂದು ಸಂದೇಹ. ವೈದ್ಯರು, ಕೌನ್ಸೆಲರ್‌ಗಳು ವರ್ಷಗಟ್ಟಲೆ ಇಂಥ ಪರೀಕ್ಷೆಗಳನ್ನು ಬಳಸುತ್ತಾರೆ. "ಸರಿಯಾಗಿ ಹೇಳುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ" ಅನ್ನುತ್ತಾರೆ. ಅಷ್ಟು ಅನುಭವ ಸಾಲದಾ?

ಹಗಲುಪಾಳಿ

ಅನುಭವದ ಮೇಲೆ ನನಗೆ ತುಂಬಾ ಗೌರವ ಇದೆ, ನಾನೂ ಅದರಲ್ಲೇ ಬದುಕುವವಳು. ಆದರೂ ಸಾಲದು. ಯಾಕೆ ಅಂತ ಹೇಳುತ್ತೇನೆ.

ಮನುಷ್ಯನ ಚಿತ್ರ ಬರೆಸಿ ಅದರಿಂದ ಮನಸ್ಸನ್ನು ಓದುವ ಒಂದು ಪರೀಕ್ಷೆ ಇತ್ತು. ಕಣ್ಣು ದೊಡ್ಡದಾಗಿಯೋ ವಿಚಿತ್ರವಾಗಿಯೋ ಬರೆದರೆ ಆ ವ್ಯಕ್ತಿಗೆ ಅನುಮಾನ ಜಾಸ್ತಿ ಅಂತ ಅನುಭವಸ್ಥರು ಹೇಳುತ್ತಿದ್ದರು. 1967ರಲ್ಲಿ ಲಾರೆನ್ ಚಾಪ್ಮನ್ ಮತ್ತು ಜೀನ್ ಚಾಪ್ಮನ್ ದಂಪತಿ ಒಂದು ಪ್ರಯೋಗ ಮಾಡಿದರು. ಏನೂ ತರಬೇತಿ ಇಲ್ಲದ ವಿದ್ಯಾರ್ಥಿಗಳಿಗೆ ಚಿತ್ರಗಳನ್ನು ಕೊಟ್ಟರು, ಪ್ರತಿ ಚಿತ್ರದ ಜೊತೆ ಬರೆದವರ ಲಕ್ಷಣ ಅಂತ ಏನೋ ಒಂದನ್ನು ಸೇರಿಸಿದರು. ಚಿತ್ರಕ್ಕೂ ಲಕ್ಷಣಕ್ಕೂ ಯಾವ ಸಂಬಂಧವೂ ಇರದ ಹಾಗೆ ಜೋಡಿಸಿದ್ದರು. ಆದರೂ ಆ ಹುಡುಗರು "ಅನುಮಾನದವರು ಕಣ್ಣನ್ನು ಹಾಗೆ ಬರೆದಿದ್ದಾರೆ" ಅಂತಲೇ ಕಂಡುಕೊಂಡರು. ಅನುಭವಸ್ಥರು ಹೇಳುತ್ತಿದ್ದ ಅದೇ ಮಾತು.

ಕಣ್ಣಿಗೂ ಅನುಮಾನಕ್ಕೂ ನಮ್ಮ ಮನಸ್ಸಿನಲ್ಲೇ ನಂಟು ಇದೆ. ಅದನ್ನೇ ಹೊರಗೂ ಕಾಣುತ್ತೇವೆ. ಹೊಂದದೇ ಇದ್ದದ್ದು ಮರೆತುಹೋಗುತ್ತದೆ. ಅನುಭವದಿಂದ ಬಂದ ಅನಿಸಿಕೆಯನ್ನೂ ಒರೆಗೆ ಹಚ್ಚಲೇಬೇಕು.

ಕಾಲುಗುರುತು

ನಾನು ಪ್ರಯೋಗ ವಿನ್ಯಾಸ ಕಲಿಸುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಅಳತೆಯ ಬಗ್ಗೆ ಮಾತಾಡಿದ್ದೀರಿ. ಬೆಳಗಿನ_ಓದು ಅವರೇ, ಅಳತೆ ಚಿನ್ನದಂಥದ್ದೇ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಆದರೂ ನಿಮ್ಮ ಯೋಜನೆಯಲ್ಲಿ ಇನ್ನೊಂದು ದೊಡ್ಡ ಬಿರುಕಿದೆ.

ಒಂದೇ ಗುಂಪು. ಮೊದಲು ಅಳೆದಿರಿ, ಎಂಟು ವಾರ ಬಿಟ್ಟು ಅಳೆದಿರಿ, ಅಂಕ ಇಳಿದಿತ್ತು. "ಗುಂಪಿನಿಂದ ಇಳಿಯಿತು" ಅಂತ ಹೇಗೆ ಹೇಳುತ್ತೀರಿ? ಎಂಟು ವಾರದಲ್ಲಿ ಆ ಮಗು ಎಂಟು ವಾರ ದೊಡ್ಡದಾಗಿದೆ. ರಾತ್ರಿ ಸ್ವಲ್ಪ ಜಾಸ್ತಿ ಹೊತ್ತು ಮಲಗುತ್ತಿದೆ. ತಾಯಿಯ ಮೈ ಚೇತರಿಸಿಕೊಂಡಿದೆ. ನೀವು ಏನೂ ಮಾಡದೇ ಇದ್ದಿದ್ದರೂ ಇಷ್ಟೇ ಇಳಿಯುತ್ತಿತ್ತೋ ಏನೋ.

ಅಂಕ ಜಾಸ್ತಿ ಇದ್ದವರನ್ನೇ ಆರಿಸಿಕೊಂಡಿದ್ದರಂತೂ ಕಷ್ಟ ಇನ್ನೂ ಜಾಸ್ತಿ. ಒಬ್ಬರ ಅಂಕದಲ್ಲಿ ಅವರ ಎಂದಿನ ಸ್ಥಿತಿಯೂ ಇರುತ್ತದೆ, ಆ ವಾರದ ಏರುಪೇರೂ ಇರುತ್ತದೆ. ತುಂಬಾ ಕೆಟ್ಟ ವಾರದಲ್ಲಿ ಸಿಕ್ಕವರು ನಿಮ್ಮ ಪಟ್ಟಿಗೆ ಬಂದಿರುತ್ತಾರೆ. ಮುಂದಿನ ಸಲ ಅಳೆದಾಗ ಅಷ್ಟೊಂದು ಕೆಟ್ಟ ವಾರ ಇರೋದು ಅಪರೂಪ. ಅಂಕ ತಾನಾಗಿ ಸರಾಸರಿಯ ಕಡೆ ಜರುಗುತ್ತದೆ. ನನಗೆ ಬರುವ ಡಿಸರ್ಟೇಶನ್‌ಗಳಲ್ಲಿ ನಾನು ಜಾಸ್ತಿ ನೋಡಿರುವ ತಪ್ಪು ಇದೇ. ಪಾಪ, ಮಕ್ಕಳು ಕಷ್ಟಪಟ್ಟು ಮಾಡಿರುತ್ತಾರೆ.

ಮಧ್ಯದಲ್ಲಿ ಬಿಟ್ಟು ಹೋದವರನ್ನೂ ನೆನಪಿಡಿ. ತೀರಾ ಕುಗ್ಗಿದ ತಾಯಿ ಮೂರನೇ ವಾರಕ್ಕೆ ಬರೋದನ್ನೇ ನಿಲ್ಲಿಸಿಬಿಡಬಹುದು. ಕೊನೆಯ ಅಳತೆಯಲ್ಲಿ ಉಳಿದವರ ಸರಾಸರಿ ಚೆನ್ನಾಗಿ ಕಾಣುತ್ತದೆ. ಯಾರೊಬ್ಬರೂ ಸುಧಾರಿಸದೇ ಇದ್ದರೂ ಕಾಣುತ್ತದೆ. ಜೊತೆಗೆ, ಎಂಟು ವಾರ ಪ್ರೀತಿಯಿಂದ ಗುಂಪು ನಡೆಸಿದ ನೀವೇ ಹಾಳೆ ಹಿಡಿದು ನಿಂತರೆ "ಇನ್ನೂ ದುಃಖ ಇದೆ" ಅಂತ ಬರೆಯೋಕೆ ಯಾರಿಗೆ ಮನಸ್ಸು ಬರುತ್ತದೆ? ಭಾಗವಹಿಸುವವರು ಸಂಶೋಧಕರಿಗೆ ಏನು ಬೇಕೋ ಅದನ್ನು ಊಹಿಸಿ ನಡೆದುಕೊಳ್ಳುತ್ತಾರೆ ಅಂತ ಮಾರ್ಟಿನ್ ಆರ್ನ್ 1962ರಲ್ಲೇ ಎಚ್ಚರಿಸಿದ್ದಾರೆ. ಕೊನೆಯ ಹಾಳೆಯನ್ನು ಬೇರೆಯವರ ಕೈಲಿ ತುಂಬಿಸಿ.

ಇವೆಲ್ಲಾ ಇಂಟರ್ನಲ್ ವ್ಯಾಲಿಡಿಟಿಯ ಮಾತು, ಅಂದರೆ ಬದಲಾವಣೆಗೆ ಕಾರಣ ಕಾರ್ಯಕ್ರಮವೇನಾ ಅನ್ನೋದು. ಡೊನಾಲ್ಡ್ ಕ್ಯಾಂಪ್‌ಬೆಲ್ 1957ರಲ್ಲಿ ಇಂಟರ್ನಲ್, ಎಕ್ಸ್‌ಟರ್ನಲ್ (ಬೇರೆಯವರಿಗೂ ಸಲ್ಲುತ್ತದಾ ಅನ್ನೋದು) ಅಂತ ಎರಡಾಗಿ ವಿಂಗಡಿಸಿದರು. 1979ರಲ್ಲಿ ಥಾಮಸ್ ಕುಕ್ ಜೊತೆ ಬರೆದ ಪುಸ್ತಕದಲ್ಲಿ ಅದು ನಾಲ್ಕಾಯಿತು. ಹೆಸರು ಬಾಯಿಪಾಠ ಮಾಡಬೇಡಿ, ನಿಮ್ಮ ಅಧ್ಯಯನಕ್ಕೆ ಪ್ರಶ್ನೆ ಮಾಡಿಕೊಂಡು ಕೇಳಿ. ಅಂಕ ನಿಜಕ್ಕೂ ಇಳಿಯಿತಾ, ಇಲ್ಲ ಆಕಸ್ಮಿಕವಾ? ಇಳಿದಿದ್ದು ಕಾರ್ಯಕ್ರಮದಿಂದಲೇನಾ? ಇಳಿದಿದ್ದು ಖಿನ್ನತೆಯೇನಾ, ಕಾರ್ಯಕ್ರಮದಲ್ಲಿ ಕೆಲಸ ಮಾಡಿದ್ದು ಮಾತುಕತೆಯೇನಾ? ಬೇರೆ ತಾಯಂದಿರಿಗೂ, ಬೇರೆ ಕಡೆಗೂ ಇದು ಸಲ್ಲುತ್ತದಾ?

ಮೂರನೆಯದರ ಎರಡನೇ ಅರ್ಧವನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಗುಂಪು ನಡೆಯುವಾಗ ಮಗುವನ್ನು ಯಾರೋ ನೋಡಿಕೊಳ್ಳುತ್ತಾರೆ, ಅಲ್ವಾ? ತಾಯಿಗೆ ಸಿಕ್ಕಿದ್ದು ಮಾತುಕತೆಯ ಬಲವೋ, ವಾರಕ್ಕೆ ಎರಡು ಗಂಟೆ ಕೈ ಖಾಲಿಯಾಗಿದ್ದ ನೆಮ್ಮದಿಯೋ?

ದಾರಿ ಇದೆ. ಒಪ್ಪಿಕೊಂಡ ತಾಯಂದಿರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ. ಅರ್ಧ ಜನ ಈಗ ಶುರು ಮಾಡಲಿ, ಉಳಿದವರು ಎಂಟು ವಾರದ ನಂತರ. ಎರಡೂ ಗುಂಪನ್ನು ಒಂದೇ ದಿನ ಅಳೆಯಿರಿ. ಮಗು ದೊಡ್ಡದಾಗೋದು ಇಬ್ಬರಿಗೂ ಒಂದೇ, ಸರಾಸರಿಗೆ ಜರುಗೋದೂ ಒಂದೇ. ಯಾರಿಗೂ ಕಾರ್ಯಕ್ರಮ ತಪ್ಪಲ್ಲ.

ತರ್ಕದ_ದಾರ

ಅಳತೆಪಟ್ಟಿ ಅವರ ಒಂದು ಮಾತಿಗೆ ನನ್ನ ತಕರಾರು ಇದೆ. ವ್ಯಾಲಿಡಿಟಿ ಅನ್ನೋದು ಅಂಕಕ್ಕೆ ನಾವು ಕೊಡುವ ಅರ್ಥಕ್ಕೆ ಸೇರಿದ್ದು ಅಂದಿರಿ. ಎಲ್ಲರೂ ಹಾಗೆ ಒಪ್ಪಲ್ಲ. ಡೆನ್ನಿ ಬೋರ್ಸ್‌ಬೂಮ್ ಮತ್ತು ಜೊತೆಗಾರರು 2004ರಲ್ಲಿ ನೇರವಾಗಿಯೇ ವಿರೋಧಿಸಿದರು. ಅವರ ಮಾತು ಸರಳ: ಅಳೆಯಬೇಕಾದ ಗುಣ ನಿಜಕ್ಕೂ ಇರಬೇಕು, ಆ ಗುಣದ ಏರಿಳಿತವೇ ಅಂಕದ ಏರಿಳಿತಕ್ಕೆ ಕಾರಣವಾಗಬೇಕು. ಅಷ್ಟಿದ್ದರೆ ಪರೀಕ್ಷೆ ವ್ಯಾಲಿಡ್. ಉಷ್ಣಮಾಪಕದಲ್ಲಿ ಪಾದರಸ ಏರೋದು ಬಿಸಿಯಿಂದ. ಆ ಕಾರಣದ ಎಳೆ ತೋರಿಸೋಕೆ ಆಗದೆ, ಇದರ ಜೊತೆ ಇಷ್ಟು ಸಂಬಂಧ, ಅದರ ಜೊತೆ ಅಷ್ಟು ಸಂಬಂಧ ಅಂತ ಕೋಷ್ಟಕ ತುಂಬಿಸಿದರೆ ಪ್ರಯೋಜನ ಇಲ್ಲ ಅನ್ನುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಅಳತೆಪಟ್ಟಿ

ತರ್ಕದ_ದಾರ ಅವರೇ, ತಕರಾರು ನ್ಯಾಯವಾದದ್ದು. ಖಂಡಿತ ಯೋಚಿಸಬೇಕಾದದ್ದು. ನನಗಿರುವ ತೊಂದರೆ ಇಷ್ಟೇ. ಖಿನ್ನತೆ ಅನ್ನೋದು ಬಿಸಿಯ ಹಾಗೆ ಒಂದೇ ಒಂದು ವಸ್ತುವೋ, ಅಥವಾ ನಿದ್ದೆ ಕೆಟ್ಟು ಸುಸ್ತಾಗಿ, ಸುಸ್ತಾಗಿ ಮನಸ್ಸು ಕುಗ್ಗಿ, ಮನಸ್ಸು ಕುಗ್ಗಿ ಮತ್ತೆ ನಿದ್ದೆ ಕೆಡುವ ಒಂದು ಸುಳಿಯೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಸುಳಿಯೇ ಆಗಿದ್ದರೆ "ಇದೇ ಕಾರಣ" ಅಂತ ಬೆರಳಿಟ್ಟು ತೋರಿಸೋದು ಹೇಗೆ? ಸುಳಿಯ ಆ ವಿಚಾರವನ್ನು ಬೆಳೆಸಿದವರಲ್ಲೂ ಬೋರ್ಸ್‌ಬೂಮ್ ಅವರೇ ಮುಖ್ಯರು. ಹಾಗಾಗಿ ಅವರನ್ನು ಓದಿದಷ್ಟೂ ನನ್ನ ಪ್ರಶ್ನೆ ಜಾಸ್ತಿಯಾಗಿದೆ. ಆದರೆ ಒಂದು ವಿಷಯದಲ್ಲಿ ನಿಮ್ಮ ಪಕ್ಷವೇ ನಾನು: ಸಂಬಂಧದ ಕೋಷ್ಟಕ ತುಂಬಿಸಿ ಕೆಲಸ ಮುಗಿಯಿತು ಅನ್ನುವವರನ್ನು ಒಪ್ಪಲ್ಲ.

ಕೋಷ್ಟಕವನ್ನು ಸರಿಯಾಗಿ ಬಳಸಿದರೆ ಉಪಯೋಗ ಇದೆ. ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲಿ ಹೇಳಿದ್ದನ್ನು ಬೆಳಗಿನ_ಓದು ಅವರು ನೇರವಾಗಿ ಮಾಡಬಹುದು. ಅದೇ ಗುಣವನ್ನು ಬೇರೆ ದಾರಿಯಲ್ಲಿ ಅಳೆದಾಗ ಎರಡೂ ಹತ್ತಿರ ಬರಬೇಕು. ಬೇರೆ ಗುಣವನ್ನು ಅಳೆದಾಗ ದೂರ ನಿಲ್ಲಬೇಕು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದಕ್ಕೆ ಯಾರೂ ಕೈ ಹಾಕಲ್ಲ. ನಿಮಗೆ ಬೇಕಾಗಿರೋದು ಎರಡನೆಯದೇ. ಸುಸ್ತನ್ನು ಮಾತ್ರ ಕೇಳುವ ಒಂದು ಚಿಕ್ಕ ಪ್ರಶ್ನಾವಳಿ ಜೊತೆಗೆ ಕೊಡಿ. ನಿಮ್ಮ "ಖಿನ್ನತೆ" ಅಂಕ ಸುಸ್ತಿನ ಅಂಕಕ್ಕೇ ಜಾಸ್ತಿ ಅಂಟಿಕೊಂಡರೆ ಉತ್ತರ ಸಿಕ್ಕ ಹಾಗೆ. ಸಾಧ್ಯವಾದರೆ ಕೆಲವು ತಾಯಂದಿರನ್ನಾದರೂ ತರಬೇತಿ ಇರುವವರು ಎದುರು ಕೂತು ಮಾತಾಡಿಸಿ ನೋಡಲಿ. ಎಲ್ಲವೂ ಹಾಳೆಯ ಮೇಲಿನ ಟಿಕ್ಕೇ ಆದರೆ ಟಿಕ್ ಹಾಕುವ ಅಭ್ಯಾಸವೇ ಸಂಬಂಧ ಹುಟ್ಟಿಸುತ್ತದೆ.

ಸುಮ್ನೆ_ಓದುಗ

ಮನಶ್ಶಾಸ್ತ್ರದ ಎಷ್ಟೋ ಅಧ್ಯಯನ ಮತ್ತೆ ಮಾಡಿದರೆ ಬರಲ್ಲ ಅಂತ ಸುದ್ದಿ ಓದಿದ್ದೆ. ಅದೂ ಇದೇನಾ?

ಕಾಲುಗುರುತು

ಹತ್ತಿರದ್ದು, ಆದರೆ ಇದೇ ಅಲ್ಲ. ನೀವು ಓದಿದ್ದು ಬಹುಶಃ 2015ರದ್ದು. 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ನೂರಕ್ಕೆ 97 ಕಡೆ ಪರಿಣಾಮ ಗಣನೀಯ ಅಂತ ಬಂದಿತ್ತು, ಮರುಮಾಡಿದಾಗ 36 ಕಡೆ. ಮತ್ತೆ ಬರದೇ ಇದ್ದರೆ ಮೂಲ ಫಲಿತಾಂಶದ ಮೇಲೆ ಅನುಮಾನ ಬರಬೇಕು, ಸರಿ. ಆದರೆ ಮತ್ತೆ ಬಂತು ಅಂದ ಮಾತ್ರಕ್ಕೆ ಅರ್ಥ ಸರಿ ಅಂತ ಅಲ್ಲ. ತಲೆಯ ಸುತ್ತಳತೆ ನೂರು ಸಲ ಅಳೆದರೂ ಅಷ್ಟೇ ಬರುತ್ತದೆ.

ಯಾರಿಗೆ ಸಲ್ಲುತ್ತದೆ ಅನ್ನೋದೂ ಬೇರೆಯೇ ಪ್ರಶ್ನೆ. ಜೆಫ್ರಿ ಆರ್ನೆಟ್ 2008ರಲ್ಲಿ ಅಮೆರಿಕದ ದೊಡ್ಡ ಮನಶ್ಶಾಸ್ತ್ರ ಪತ್ರಿಕೆಗಳನ್ನು ಲೆಕ್ಕ ಹಾಕಿದರು. ಭಾಗವಹಿಸಿದವರಲ್ಲಿ ನೂರಕ್ಕೆ 96 ಜನ, ಜಗತ್ತಿನ ಜನಸಂಖ್ಯೆಯ ನೂರಕ್ಕೆ 12 ಮಾತ್ರ ಇರುವ ದೇಶಗಳವರು. ಉಳಿದವರ ಬಗ್ಗೆ ನಮಗೆ ಗೊತ್ತು ಅಂತ ಹೇಳೋದಕ್ಕೆ ಮುಂಚೆ ಆ ಅಂಕಿಯನ್ನು ನೋಡಬೇಕು.

ಬೆಳಗಿನ_ಓದು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆ.

ಸ್ಲೈಡ್ ತೆಗೆದುಹಾಕಿದೆ. ಕಾಲುಗುರುತು ಸರ್ ಹೇಳಿದ ಹಾಗೆ ಚೀಟಿ ಎತ್ತಿ ಎರಡು ಗುಂಪು ಮಾಡೋದಕ್ಕೆ ಗೈಡ್ ಒಪ್ಪಿದರು. ಸಿಇಎಸ್-ಡಿ ಬದಲು ಎಡಿನ್‌ಬರ್ಗ್ ಬಳಸುತ್ತೇನೆ, ಜೊತೆಗೆ ಸುಸ್ತಿನ ಚಿಕ್ಕ ಪ್ರಶ್ನಾವಳಿ. ಕೊನೆಯ ಹಾಳೆಯನ್ನು ಸಹಪಾಠಿಯೊಬ್ಬಳು ತುಂಬಿಸುತ್ತಾಳೆ. ಅವಳಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲ್ಲ.

ಎರಡು_ಭಾಷೆ ಅವರ ಮಾತು ಕೇಳಿ, ಹಳೆಯ ಸಿಇಎಸ್-ಡಿ ಹಾಳೆಯನ್ನೇ ಹಿಡಿದು ಆರು ತಾಯಂದಿರ ಜೊತೆ ಕೂತೆ. ಅದನ್ನು ಇಲ್ಲಿ ಹೇಳಲೇಬೇಕು ಅನ್ನಿಸಿತು.

"ನನ್ನ ನಿದ್ದೆ ನೆಮ್ಮದಿಯಾಗಿರಲಿಲ್ಲ" ಅನ್ನುವ ಪ್ರಶ್ನೆಗೆ ಇಬ್ಬರು 3 ಹಾಕಿದರು. ಯಾಕೆ ಅಂತ ಕೇಳಿದೆ. ಒಬ್ಬರು ನಕ್ಕರು. "ಇವನು ಮಲಗಿದರೆ ಸಾಕು, ಕೂತಲ್ಲೇ ನಿದ್ದೆ ಹೊಡೀತೀನಿ. ಬಿಡಬೇಕಲ್ಲ ಇವನು" ಅಂದರು. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮಗು ಪಾಪ ಚೆನ್ನಾಗಿ ಮಲಗುತ್ತೆ. ನಾನೇ ಕಣ್ಣು ಬಿಟ್ಕೊಂಡು ಬಿದ್ದಿರ್ತೀನಿ. ಉಸಿರಾಡ್ತಿದೆಯಾ ಅಂತ ಕೈ ಇಟ್ಟು ನೋಡ್ತೀನಿ. ಮತ್ತೆ ನೋಡ್ತೀನಿ."

ನನ್ನ ಹಾಳೆಯಲ್ಲಿ ಇಬ್ಬರದೂ 3.

ಹಗಲುಪಾಳಿ

ಓದಿದೆ. ಮೊದಲು ಇದನ್ನು ಹೇಳಿ: ಆ ಎರಡನೆಯ ತಾಯಿಯನ್ನು ಯಾರಾದರೂ ಮಾತಾಡಿಸಿದ್ದಾರಾ?

ಇನ್ನೊಂದು ಮಾತು. ನೀವು ಬಿಟ್ಟ ಸಿಇಎಸ್-ಡಿಯಲ್ಲಿ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ ಇರಲಿಲ್ಲ. ಎಡಿನ್‌ಬರ್ಗ್‌ನ ಹತ್ತನೆಯ ಪ್ರಶ್ನೆ ಅದೇ. ಆ ಪ್ರಶ್ನೆಗೆ ಯಾರಾದರೂ ಸೊನ್ನೆ ಬಿಟ್ಟು ಬೇರೇನಾದರೂ ಹಾಕಿದರೆ, ಒಟ್ಟು ಅಂಕ ಎಷ್ಟೇ ಇರಲಿ, ಹಾಳೆಯನ್ನು ಕಟ್ಟಿನಲ್ಲಿ ಸೇರಿಸಿ ಮನೆಗೆ ಹೋಗುವ ಹಾಗಿಲ್ಲ. ಅವತ್ತೇ ಯಾರು ಮಾತಾಡಿಸುತ್ತಾರೆ, ಯಾರ ಹತ್ತಿರ ಕಳಿಸುತ್ತೀರಿ ಅಂತ ಮೊದಲ ಹಾಳೆ ಹಂಚುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಎಂಟು ವಾರ ಕಾಯುವ ಗುಂಪಿಗೂ ಇದು ಅನ್ವಯಿಸುತ್ತದೆ.

ಬೆಳಗಿನ_ಓದು

ಮಾತಾಡಿಸಿದ್ದಾರೆ ಮೇಡಂ. ಅವರ ಒಪ್ಪಿಗೆ ಕೇಳಿ ಅವತ್ತೇ ಸಂಜೆ ಗೈಡ್‌ಗೆ ಫೋನ್ ಮಾಡಿದೆ. ಮಾರನೇ ದಿನ ಕೌನ್ಸೆಲರ್ ಒಬ್ಬರು ಆ ತಾಯಿಯನ್ನು ಕಂಡರು. ನಾನೇ ಜೊತೆಗೆ ಹೋಗಿದ್ದೆ, ಅವರು ಒಳಗಿದ್ದಾಗ ಮಗುವನ್ನು ನಾನು ಎತ್ತಿಕೊಂಡಿದ್ದೆ. ಹತ್ತನೆಯ ಪ್ರಶ್ನೆಗೆ ಏನು ಮಾಡಬೇಕು ಅನ್ನೋದನ್ನು ಇವತ್ತು ರಾತ್ರಿ ಬರೆದು ನಿಮಗೆ ತೋರಿಸುತ್ತೇನೆ. ನೋಡಿ ತಿದ್ದಿ ಕೊಡ್ತೀರಾ?